ಪರದೇಶಿಗೆ ಯಾರು ಜಾಮೀನು?

ಕೊಳ್ಳೇಗಾಲದ ನಮ್ಮ ಮನೆಯ ಗೋಡೆಯ ಮೇಲೆ ಬಹಳ ವರ್ಷ ಒಂದು ಫೋಟೊ ಇತ್ತು. ನಮ್ಮ ಮಾಮು ಜಿದ್ದಾದ ಯಾವುದೋ ರಸ್ತೆಯಲ್ಲಿ ದೊಡ್ಡದೊಂದು ಬಿಳಿ ಕಾರಿಗೆ ಒರಗಿ ನಿಂತ ಫೋಟೊ. ನೆಂಟರು ಬಂದಾಗಲೆಲ್ಲ ನಾನಿ ಅದನ್ನು ತೋರಿಸುತ್ತಿದ್ದರು. ಆ ಕಾರು ಮಾಮುವಿನದಲ್ಲ, ಅವರು ಅದರ ಡ್ರೈವರ್ ಎಂಬುದು ನಮಗೆಲ್ಲ ಗೊತ್ತಿತ್ತು. ಆದರೂ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹದಿನಾಲ್ಕು ವರ್ಷ ಅಲ್ಲಿ ದುಡಿದು ಊರಿಗೆ ಮರಳಿದ ಮೇಲೆ ಒಮ್ಮೆ ಕೇಳಿದೆ: "ಇಷ್ಟು ವರ್ಷದಲ್ಲಿ ನಿಮ್ಮದೇ ಅಂತ ಒಂದು ಹಳೇ ಕಾರಾದರೂ ತಗೋಬಹುದಿತ್ತಲ್ಲ ಮಾಮು?" ಅವರು ನಕ್ಕರು. "ತಗೊಳ್ಳೋದೇನು ದೊಡ್ಡದಲ್ಲ ಬೇಟಾ. ನಾಳೆ ಕಫೀಲ್ ಹೊರಡು ಅಂದ್ರೆ ಕಾರನ್ನ ಯಾರ ಮನೆ ಮುಂದೆ ನಿಲ್ಲಿಸಿ ಬರ್ಲಿ?"

ಗಲ್ಫ್ ಬದುಕಿನ ಕುರಿತ ಕತೆ, ಕಾದಂಬರಿ, ಅನುಭವ ಕಥನಗಳನ್ನು ಓದುವಾಗಲೆಲ್ಲ ಈ ಮಾತು ನೆನಪಾಗುತ್ತದೆ. ಬೆನ್ಯಾಮಿನ್ ಅವರ ಮಲಯಾಳಂ ಕಾದಂಬರಿ 'ಆಡುಜೀವಿತಂ' (2008) ನಮ್ಮಲ್ಲೂ ಬಹಳ ಮಂದಿಯನ್ನು ಕಾಡಿದ ಕೃತಿ. ರಿಯಾದ್ ವಿಮಾನ ನಿಲ್ದಾಣದಲ್ಲಿ ಇಳಿದ ನಜೀಬ್ ಅಪರಿಚಿತನೊಬ್ಬನನ್ನು ತನ್ನ ಕಫೀಲನೆಂದು ನಂಬಿ ಅವನ ಹಳೆಯ ಪಿಕಪ್ ಗಾಡಿ ಹತ್ತುತ್ತಾನೆ. ಅಲ್ಲಿಂದ ಅವನ ನರಕ ಆರಂಭವಾಗುತ್ತದೆ. 2024ರಲ್ಲಿ ಬ್ಲೆಸ್ಸಿಯವರ ನಿರ್ದೇಶನದಲ್ಲಿ ಅದು ಸಿನಿಮಾ ಆಗಿ ಬಂದಾಗಲೂ ನಾವು ಕಣ್ಣೊರೆಸಿಕೊಂಡೇ ಹೊರಬಂದೆವು. ಕೃತಿಯ ಬಗ್ಗೆ ನನಗೆ ಆಕ್ಷೇಪವಿಲ್ಲ. ಆಕ್ಷೇಪವಿರುವುದು ನಮ್ಮ ಓದಿನ ಬಗ್ಗೆ. ಪರದೇಶಿಯಾಗಿ ಬದುಕುವುದು ಎಂದರೇನು ಎಂಬ ಪ್ರಶ್ನೆ ನಮ್ಮ ಓದಿನಲ್ಲಿ ಸಮುದ್ರದ ಆಚೆಯೇ ನಿಂತುಬಿಟ್ಟಿದೆ. ನಮ್ಮವರು ಅಲ್ಲಿ ಪರದೇಶಿಗಳಾದಾಗ ಕರಗುವ ನಾವು, ನಮ್ಮೂರಿನಲ್ಲೇ ಇರುವ ಪರದೇಶಿಯನ್ನು ಹೇಗೆ ಕಾಣುತ್ತೇವೆ? ಈ ಪ್ರಶ್ನೆ ನನ್ನೆದುರು ಬಂದದ್ದು ಪುಸ್ತಕದಿಂದಲ್ಲ, ಒಂದು ಲಗೇಜ್ ಆಟೋದಿಂದ.

ಗಾಡಿಗೂ ಆರ್‌.ಸಿ., ಮನುಷ್ಯನಿಗೂ ಆರ್‌.ಸಿ.

ಕೊಳ್ಳೇಗಾಲದಿಂದ ಹನೂರು, ಅಲ್ಲಿಂದ ಲೊಕ್ಕನಹಳ್ಳಿಯ ದಾರಿ ಹಿಡಿದರೆ ಒಡೆಯರಪಾಳ್ಯ ಸಿಗುತ್ತದೆ. ಮೊದಲು ಕೊಳ್ಳೇಗಾಲ ತಾಲ್ಲೂಕು, ಈಗ ಹನೂರು ತಾಲ್ಲೂಕು. ಇಲ್ಲಿ 1970ರ ದಶಕದಲ್ಲಿ ಟಿಬೆಟ್ ನಿರಾಶ್ರಿತರಿಗಾಗಿ ಧೋಂಡೆನ್‌ಲಿಂಗ್ ವಸತಿ ಆರಂಭವಾಯಿತು. ಬೈಲುಕುಪ್ಪೆ, ಮುಂಡಗೋಡ, ಹುಣಸೂರು ಬಳಿಯ ಗುರುಪುರಗಳ ನಂತರ ಕರ್ನಾಟಕ ಅವರಿಗೆ ಕೊಟ್ಟ ನೆಲೆ ಇದು. ಕಾಡಂಚಿನ ಮಳೆಯಾಶ್ರಿತ ನೆಲದಲ್ಲಿ ಅವರು ಮುಸುಕಿನ ಜೋಳ ಬೆಳೆದರು, ಮಠ ಕಟ್ಟಿದರು, ಮಕ್ಕಳನ್ನು ಓದಿಸಿದರು. ಈಗ ಅಲ್ಲಿರುವುದು ಮೂರನೆಯ ತಲೆಮಾರು. ಟಿಬೆಟನ್ನು ಕಣ್ಣಲ್ಲಿ ಕಂಡವರಿಗಿಂತ ಕೊಳ್ಳೇಗಾಲದ ಸಂತೆಯನ್ನು ಕಂಡವರೇ ಅವರಲ್ಲಿ ಹೆಚ್ಚು.

ಕೆಲವು ವರ್ಷಗಳ ಹಿಂದೆ ಅಲ್ಲಿನ ಯುವಕನೊಬ್ಬ ಸೆಕೆಂಡ್ ಹ್ಯಾಂಡ್ ಲಗೇಜ್ ಆಟೋ ಕೊಳ್ಳಲು ಹೊರಟ. ನಮ್ಮ ಅಂಗಡಿಗೆ ಸಾಮಾನಿಗೆ ಬರುತ್ತಿದ್ದ ಪರಿಚಯದವನು. ಜೋಳದ ಮೂಟೆ, ಅಂಗಡಿ ಸಾಮಾನು ಸಾಗಿಸಿ ಬಾಡಿಗೆ ದುಡಿಯುವುದು ಅವನ ಲೆಕ್ಕ. ಮುಂಗಡ ಹಣ ಕೈಯಲ್ಲಿತ್ತು, ಉಳಿದದ್ದಕ್ಕೆ ಸಾಲ ಬೇಕಿತ್ತು. ಜೊತೆಗೆ ಬನ್ನಿ ಎಂದು ಕರೆದದ್ದಕ್ಕೆ ನಾನೂ ಫೈನಾನ್ಸ್ ಆಫೀಸಿಗೆ ಹೋದೆ. ಅಲ್ಲಿದ್ದವರು ಕಾಗದಗಳನ್ನೆಲ್ಲ ತಿರುವಿ ಹಾಕಿ, "ಎಲ್ಲಾ ಸರಿ ಕಣಪ್ಪ. ಆದ್ರೆ ಇಲ್ಲಿ ನಿಂಗೆ ಯಾರವ್ರೆ?" ಎಂದರು.

"ಅಪ್ಪ, ಅಮ್ಮ ಎಲ್ಲಾ ಇಲ್ಲೇ ಅವ್ರೆ ಸಾರ್. ನಾನು ಹುಟ್ಟಿದ್ದೂ ಇಲ್ಲೇ."

"ಅವ್ರೂ ನಿನ್ ಥರಾನೇ ಅಲ್ವಾ? ಊರ್ನೋರು ಯಾರಾದ್ರೂ ಶ್ಯೂರಿಟಿ ಹಾಕ್ಬೇಕು."

ಅವನು ನನ್ನತ್ತ ನೋಡಿದ. ನಾನು, "ಮನೇಲಿ ಒಂದ್ ಮಾತು ಕೇಳಿ ಹೇಳ್ತೀನಿ" ಎಂದೆ. ಮನೆಯಲ್ಲಿ ನಾನು ಕೇಳಲಿಲ್ಲ. ಅವನೂ ಮತ್ತೆ ಆ ಮಾತು ಎತ್ತಲಿಲ್ಲ.

ನಂತರ ಕಾನೂನು ಏನು ಹೇಳುತ್ತದೆ ಎಂದು ವಿಚಾರಿಸಿದೆ. 1988ರ ಮೋಟಾರು ವಾಹನ ಕಾಯ್ದೆ ಗಾಡಿಯ ಮಾಲೀಕ ಭಾರತದ ಪ್ರಜೆಯೇ ಆಗಿರಬೇಕು ಎನ್ನುವುದಿಲ್ಲ. ಅದು ಕೇಳುವುದು ವಿಳಾಸ. ಗಾಡಿಯ ಒಡೆಯ ಎಲ್ಲಿ ವಾಸಿಸುತ್ತಾನೋ, ಎಲ್ಲಿ ಅವನ ವ್ಯವಹಾರವಿದೆಯೋ ಅಲ್ಲಿ ನೋಂದಣಿಯಾಗಬೇಕು, ಅಷ್ಟೆ. ಆಧಾರ್ ಕೂಡ ಪೌರತ್ವದ ದಾಖಲೆಯಲ್ಲ, ವಾಸದ ದಾಖಲೆ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದ ವಿದೇಶಿಗೂ ಅದು ಸಿಗುತ್ತದೆ. ಅಂದರೆ ಪೂರ್ತಿ ಹಣ ಕೊಟ್ಟು ಕೊಳ್ಳುವ ಪರದೇಶಿಗೆ ಅಡ್ಡಿಯಿಲ್ಲ. ಅಡ್ಡಿ ಬರುವುದು ಸಾಲ ಕೇಳಿದಾಗ. ಗಾಡಿ ಕೊಳ್ಳುವಾಗ ಅವನು ಗಿರಾಕಿ. ಸಾಲ ಕೇಳಿದ ಕೂಡಲೇ ಅವನು ಪರದೇಶಿ.

ಸಾಲ ಕೊಡುವವರ ಅಂಜಿಕೆ ಪೂರ್ತಿ ಸುಳ್ಳು ಎಂದು ನಾನು ಹೇಳುವುದಿಲ್ಲ. ವಸತಿಯ ನೆಲ ಸರ್ಕಾರದ್ದು. ರೈತನ ಪಹಣಿಯಂತೆ ಅದನ್ನು ಅಡವಿಡಲು ಬರುವುದಿಲ್ಲ. ಇನ್ನು ಅವರ ಗುರುತಿನ ಕಾಗದ. ಅದರ ಹೆಸರು ರಿಜಿಸ್ಟ್ರೇಷನ್ ಸರ್ಟಿಫಿಕೇಟ್, ಬಾಯಿಮಾತಿನಲ್ಲಿ ಆರ್‌.ಸಿ. ಗಾಡಿಯ ನೋಂದಣಿ ಪತ್ರಕ್ಕೂ ನಾವು ಹೇಳುವುದು ಆರ್‌.ಸಿ. ಎಂದೇ. ಹೊಸ ಖಾಸಗಿ ಕಾರಿನ ಆರ್‌.ಸಿ. ಒಮ್ಮೆ ಮಾಡಿಸಿದರೆ 15 ವರ್ಷ ಬಾಳುತ್ತದೆ. ಒಡೆಯರಪಾಳ್ಯದಲ್ಲಿ ಹುಟ್ಟಿದ ಮನುಷ್ಯನ ಆರ್‌.ಸಿ.ಯನ್ನು ಹಿಂದೆ ವರ್ಷ ವರ್ಷವೂ ನವೀಕರಿಸಬೇಕಿತ್ತು. ಈಚೆಗೆ ಬಹುಮಂದಿಗೆ ಅದು ಐದು ವರ್ಷಕ್ಕೆ ಬಂದಿದೆ. ಕಬ್ಬಿಣದ ಗಾಡಿಗೆ ಹದಿನೈದು, ಮನುಷ್ಯನಿಗೆ ಐದು! ಐದು ವರ್ಷದ ಕಂತಿನ ಸಾಲ ಕೊಟ್ಟರೆ ಸಾಲ ತೀರುವ ಮೊದಲೇ ಸಾಲಗಾರನ ಕಾಗದದ ಅವಧಿ ತೀರಬಹುದು. ಬ್ಯಾಂಕಿನವರು ಹಿಂಜರಿಯುವುದು ಇಲ್ಲಿ.

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. 1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದವು. ತಂದೆ ತಾಯಿ ಇಬ್ಬರೂ ಟಿಬೆಟ್‌ನಿಂದ ಬಂದವರಾಗಿದ್ದು, ಅಕ್ಕ 1987ರ ಮೇ ತಿಂಗಳಲ್ಲೂ ಅವಳ ದಾಯಾದಿ ತಮ್ಮ ಅದೇ ವರ್ಷದ ಆಗಸ್ಟ್‌ನಲ್ಲೂ ಹುಟ್ಟಿದ್ದರೆ ಅಕ್ಕ ಭಾರತೀಯಳು, ತಮ್ಮ ವಿದೇಶಿ. ಆ ಅಕ್ಕನಿಗೂ ದಾರಿ ಸಲೀಸಲ್ಲ. ಭಾರತೀಯ ಪಾಸ್‌ಪೋರ್ಟ್ ಬೇಕಾದವರು ತಮ್ಮ ಆರ್‌.ಸಿ. ರದ್ದು ಮಾಡಿಸಿ, ವಸತಿಯನ್ನೂ ಅಲ್ಲಿನ ಸೌಲಭ್ಯಗಳನ್ನೂ ಬಿಟ್ಟಿರಬೇಕು ಎಂದು 2017ರಲ್ಲಿ ಷರತ್ತು ಹಾಕಲಾಯಿತು. ಪ್ರಜೆಯಾಗಬೇಕಾದರೆ ಮನೆ ಬಿಡಬೇಕು, ಮನೆ ಉಳಿಯಬೇಕಾದರೆ ಪರದೇಶಿಯಾಗಿ ಇರಬೇಕು.

ಸಮುದ್ರದ ಆಚೆಯ ಕಂತು

ಈಗ ನಮ್ಮವರ ಕಡೆ ಬರೋಣ. ಯು.ಎ.ಇ. ಕೇಂದ್ರ ಬ್ಯಾಂಕು 2011ರಲ್ಲಿ ತಂದ ನಿಯಮದಂತೆ ವಾಹನ ಸಾಲ ಗಾಡಿಯ ಬೆಲೆಯ ಶೇ. 80ನ್ನು ಮೀರುವಂತಿಲ್ಲ, ಅವಧಿ 60 ತಿಂಗಳು ದಾಟುವಂತಿಲ್ಲ, ಒಬ್ಬನ ಎಲ್ಲ ಸಾಲಗಳ ಕಂತು ಸೇರಿ ಅವನ ಸಂಬಳದ ಅರ್ಧವನ್ನು ಮೀರುವಂತಿಲ್ಲ. ಒಳ್ಳೆಯ ನಿಯಮವೇ. ಸ್ವದೇಶಿ, ಪರದೇಶಿ ಎಂಬ ಭೇದ ಈ ಅಂಕಿಗಳಲ್ಲಿ ಇಲ್ಲ. ಭೇದ ಇರುವುದು ಬದುಕಿನಲ್ಲಿ. ಸಾಲ ಐದು ವರ್ಷದ್ದು, ಕೆಲಸದ ವೀಸಾ ಸಾಮಾನ್ಯವಾಗಿ ಎರಡು ವರ್ಷದ್ದು. ಕೆಲಸ ಹೋದರೆ ದೇಶ ಬಿಡಬೇಕು. ಆದ್ದರಿಂದ ಅಲ್ಲಿನ ಬ್ಯಾಂಕು ಸಂಬಳ ತನ್ನಲ್ಲೇ ಜಮಾ ಆಗುತ್ತದೆ ಎಂದು ಕಂಪೆನಿಯಿಂದ ಪತ್ರ ಕೇಳುತ್ತದೆ. "ಇಲ್ಲಿ ನಿಂಗೆ ಯಾರವ್ರೆ?" ಎಂಬ ಕೊಳ್ಳೇಗಾಲದ ಪ್ರಶ್ನೆಯೇ ಅರಬಿಯಲ್ಲಿ ಬಂತು, ಅಷ್ಟೆ.

2008-09ರ ಆರ್ಥಿಕ ಕುಸಿತದಲ್ಲಿ ದುಬೈ ವಿಮಾನ ನಿಲ್ದಾಣದ ಬಳಿ ವಿದೇಶಿಯರು ಬಿಟ್ಟುಹೋದ ಕಾರುಗಳ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಎಷ್ಟು ಕಾರು ಎಂಬುದರಲ್ಲಿ ಪತ್ರಿಕೆಗಳ ಲೆಕ್ಕಕ್ಕೂ ಪೊಲೀಸರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಓಡಿಹೋದವರನ್ನು ಮೋಸಗಾರರು ಎಂದು ಆಗ ಬೈದವರು ಬಹಳ. ಆದರೆ ಸಾಲಕ್ಕೆ ಭದ್ರತೆಯಾಗಿ ಕೊಟ್ಟ ಚೆಕ್ಕು ಬೌನ್ಸ್ ಆದರೆ ಅಲ್ಲಿ ಜೈಲು ಕಾದಿತ್ತು. ಆ ಕಾನೂನು ಬಹುಮಟ್ಟಿಗೆ ಸಡಿಲವಾದದ್ದು 2022ರಲ್ಲಿ. ಕೆಲಸ ಕಳೆದುಕೊಂಡವನಿಗೆ ದುಡಿದು ತೀರಿಸಲು ವೀಸಾ ಇಲ್ಲ, ತೀರಿಸದೆ ಉಳಿದರೆ ಜೈಲು. ಕಾರು ಬಿಟ್ಟು ವಿಮಾನ ಹತ್ತಿದವನನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅವನ ಮುಂದೆ ಇದ್ದ ದಾರಿಗಳು ಎಷ್ಟು ಎಂದು ಕೇಳದೆ ತೀರ್ಪು ಕೊಡುವುದೂ ನ್ಯಾಯವಲ್ಲ.

ಸೌದಿಯಲ್ಲಿ ಇದು ಬೇರೊಂದು ರೀತಿಯಲ್ಲಿ ನಡೆಯಿತು. 2017ರ ಜುಲೈಯಿಂದ ವಲಸಿಗರ ಹೆಂಡತಿ ಮಕ್ಕಳ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400 ಆಯಿತು. ಅನೇಕರು ಸಂಸಾರವನ್ನು ಊರಿಗೆ ಕಳಿಸಿದರು. ಮಕ್ಕಳನ್ನು ಶಾಲೆಗೆ ಬಿಡಲೆಂದು ಕೊಂಡ ಕಾರು ಸಂಸಾರ ಹೊರಟ ಮೇಲೆ ಯಾಕೆ? ಪರದೇಶದಲ್ಲಿ ಕಾರು ಆಡಂಬರದ ವಸ್ತು ಎಂದು ಇಲ್ಲಿ ಕುಳಿತು ಉಪದೇಶ ಮಾಡುವುದು ಸುಲಭ. ಬಹಳ ಜನಕ್ಕೆ ಅದು ಸಂಸಾರ ಜೊತೆಗಿದೆ ಎಂಬುದರ ಗುರುತು.

ಕಫೀಲ್ ಎಂಬ ಪದ ಕಳೆದುಕೊಂಡದ್ದು

ಜಾಮೀನು ಎಂಬ ನಮ್ಮ ಪದ ಅರಬಿಯ 'ಝಾಮಿನ್'ನಿಂದ ಬಂದದ್ದು. ಅದೇ ಅರ್ಥದ ಇನ್ನೊಂದು ಅರಬಿ ಪದ 'ಕಫೀಲ್'. ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ ಕಫಾಲತ್ ಎಂದೇ ಒಂದು ಅಧ್ಯಾಯವಿದೆ. ಸಹೀಹ್ ಬುಖಾರಿಯಲ್ಲೂ ಇದೆ, ಹನಫಿಗಳ 'ಹಿದಾಯ'ದಲ್ಲೂ ಇದೆ. ಅಲ್ಲಿ ಕಫೀಲ್ ಎಂದರೆ ಇನ್ನೊಬ್ಬನ ಹೊಣೆಗೆ ತನ್ನ ಹೊಣೆಯನ್ನು ಜೋಡಿಸುವವನು, ಅವನು ಕೊಡದಿದ್ದರೆ ನಾನು ಕೊಡುತ್ತೇನೆ ಎನ್ನುವವನು. ಇದು ಉಪಕಾರದ ಕೆಲಸ. ಆದ್ದರಿಂದ ಜಾಮೀನು ನಿಂತದ್ದಕ್ಕೆ ಕೂಲಿ ಪಡೆಯಬಾರದು ಎಂಬುದು ಬಹುಪಾಲು ಪೂರ್ವಿಕ ವಿದ್ವಾಂಸರ ನಿಲುವು.

ಹದೀಸಿನ ಒಂದು ಪ್ರಸಂಗ ನಮಗೆಲ್ಲ ಪರಿಚಿತ. ಸಾಲ ಉಳಿಸಿ ತೀರಿಕೊಂಡವನೊಬ್ಬನ ಜನಾಝ ಬಂದಾಗ ಪ್ರವಾದಿ(ಸ) ತಾವು ನಮಾಝ್ ನಿರ್ವಹಿಸದೆ ಹಿಂದೆ ಸರಿದರು. ಆಗ ಅಬೂ ಖತಾದ(ರ) ಆ ಸಾಲ ತನ್ನ ಮೇಲಿರಲಿ ಎಂದರು. ಆ ಬಳಿಕವೇ ಪ್ರವಾದಿ(ಸ) ನಮಾಝ್ ನಿರ್ವಹಿಸಿದರು. ತೀರಿಹೋದವನಿಂದ ಅಬೂ ಖತಾದರಿಗೆ ಬರಬೇಕಾದ್ದು ಏನೂ ಇರಲಿಲ್ಲ. ಕಫಾಲತ್ ಎಂಬ ಪದದ ಮೂಲ ತೂಕ ಇದು.

ಗಲ್ಫ್‌ನಲ್ಲಿ ಈ ಪದಕ್ಕೆ ಏನಾಯಿತು ನೋಡಿ. ಕಾರ್ಮಿಕನ ಹೊಣೆ ಹೊರಬೇಕಾದ ಕಫೀಲ್ ಅವನ ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವವನಾದ. 'ಫ್ರೀ ವೀಸಾ' ಎಂಬ ಹೆಸರಿನಲ್ಲಿ ತಿಂಗಳು ತಿಂಗಳು ಹಣ ಪಡೆದು ಬರೀ ಹೆಸರು ಕೊಡುವವನಾದ. ಉಪಕಾರಕ್ಕೆ ಕೂಲಿ ಬೇಡ ಎಂದ ಶಾಸ್ತ್ರದ ಪದವೇ ಬಾಡಿಗೆಯ ಅಂಗಡಿಯಾಯಿತು. ಸುಧಾರಣೆ ನಡೆದಿಲ್ಲವೆಂದಲ್ಲ. ಕತಾರ್ 2020ರಲ್ಲಿ ಕೆಲಸ ಬದಲಿಸಲು ಮಾಲೀಕನ ಒಪ್ಪಿಗೆ ಬೇಕೆಂಬ ನಿಯಮ ತೆಗೆಯಿತು. ಸೌದಿಯ ಸುಧಾರಣೆ 2021ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಆದರೆ ಆಗ ಅದರಿಂದ ಹೊರಗೆ ಉಳಿದವರು ಯಾರು? ಮನೆಗೆಲಸದವರು, ತೋಟದವರು, ಕುರಿ ಕಾಯುವವರು, ಮನೆ ಡ್ರೈವರ್‌ಗಳು. ನಮ್ಮ ಮಾಮುವಿನಂಥವರು ಮತ್ತು 'ಆಡುಜೀವಿತಂ'ನ ನಜೀಬನಂಥವರು.

ಇದನ್ನು ನಾವು ಟೀಕಿಸುತ್ತೇವೆ, ಟೀಕಿಸಬೇಕು. ಆದರೆ ಹೆಗಲು ಕೊಡದೆ ಕೈ ಚಾಚುವ ಕಫೀಲನನ್ನು ಟೀಕಿಸುವ ನಾವು, ಕೈ ಚಾಚದಿದ್ದರೂ ಹೆಗಲು ಕೊಡದವರು. ಆ ದಿನ ಫೈನಾನ್ಸ್ ಆಫೀಸಿನಲ್ಲಿ ನಾನು ಮಾಡಿದ್ದು ಅದನ್ನೇ.

ಬಡ್ಡಿ ಇಲ್ಲದಿದ್ದರೆ ಸಾಕೇ?

ನಮ್ಮ ಪತ್ರಿಕೆಗಳಲ್ಲಿ ದಶಕಗಳಿಂದ ಬಡ್ಡಿಯ ವಿರುದ್ಧ ಲೇಖನಗಳು ಬರುತ್ತಿವೆ. ಬರಬೇಕಾದದ್ದೇ. ಭಾರತದಲ್ಲಿ ಬಡ್ಡಿರಹಿತ ಬ್ಯಾಂಕಿಂಗಿಗೆ ಅವಕಾಶ ಕೊಡಬೇಕೆಂದು ರಘುರಾಮ್ ರಾಜನ್ ಸಮಿತಿ 2008ರಲ್ಲಿ ಶಿಫಾರಸು ಮಾಡಿತ್ತು. ಈ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ ತೀರ್ಮಾನಿಸಿದ ಸಂಗತಿ 2017ರಲ್ಲಿ ಹೊರಬಂತು. ಈ ಖಾಲಿ ಜಾಗದಲ್ಲಿ ಹಲಾಲ್ ಎಂಬ ಫಲಕ ಹಾಕಿಕೊಂಡು ಬಂದವರು ಏನು ಮಾಡಿದರೆಂಬುದನ್ನು 2019ರ ಐಎಂಎ ಪ್ರಕರಣದಲ್ಲಿ ಬೆಂಗಳೂರಿನ ಸಾವಿರಾರು ಕುಟುಂಬಗಳು ಕಣ್ಣೀರಿನಲ್ಲಿ ಕಂಡವು.

ಗಲ್ಫ್‌ನಲ್ಲಿ ಇಸ್ಲಾಮೀ ಬ್ಯಾಂಕುಗಳಿವೆ. ಅಲ್ಲಿ ಕಾರಿಗೆ ಸಿಗುವುದು ಬಹುತೇಕ ಮುರಾಬಹ ಅಥವಾ ಇಜಾರ. ಮುರಾಬಹ ಎಂದರೆ ಬ್ಯಾಂಕೇ ಕಾರನ್ನು ಕೊಂಡು ತನ್ನ ಲಾಭ ಸೇರಿಸಿ ಗಿರಾಕಿಗೆ ಕಂತಿನಲ್ಲಿ ಮಾರುವುದು. ಇಜಾರ ಎಂದರೆ ಬಾಡಿಗೆಗೆ ಕೊಟ್ಟು ಕೊನೆಗೆ ಒಡೆತನ ವರ್ಗಾಯಿಸುವುದು. ಎರಡೂ ಶರೀಅತ್‌ನ ಚೌಕಟ್ಟಿನೊಳಗಿನ ವ್ಯವಹಾರಗಳು. ಆದರೆ ಮುರಾಬಹ ಹಣಕಾಸಿನ ಆದರ್ಶ ಮಾದರಿಯಲ್ಲ, ಬೇರೆ ದಾರಿ ಕಷ್ಟವಾದಾಗ ಬಳಸಬೇಕಾದ ಮಧ್ಯಂತರ ವ್ಯವಸ್ಥೆ ಎಂದು ಹೇಳಿದವರು ಇಸ್ಲಾಮೀ ಬ್ಯಾಂಕಿಂಗಿನ ವಿರೋಧಿಗಳಲ್ಲ, ಅದನ್ನು ಕಟ್ಟಲು ದುಡಿದ ಮುಫ್ತಿ ತಖೀ ಉಸ್ಮಾನಿಯವರೇ. ಸಾಮಾನನ್ನು ಸಾಲಕ್ಕೆ ಕೊಂಡಂತೆ ಮಾಡಿ, ಕೂಡಲೇ ನಗದಿಗೆ ಮಾರಿಸಿ ಹಣ ಕೊಡುವ 'ಸಂಘಟಿತ ತವರ್ರುಕ್' ಸಮ್ಮತವಲ್ಲ ಎಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ 2009ರಲ್ಲಿ ಶಾರ್ಜಾದಲ್ಲಿ ನಿರ್ಣಯಿಸಿತು. ಅಂದರೆ ಹೆಸರು ಬದಲಾದ ಮಾತ್ರಕ್ಕೆ ಹುರುಳು ಬದಲಾಗುವುದಿಲ್ಲ ಎಂಬ ಎಚ್ಚರ ವಿದ್ವಾಂಸರಲ್ಲಿದೆ.

ಆ ಎಚ್ಚರವನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಬೇಕು. ಬಡ್ಡಿಯನ್ನು ಇಸ್ಲಾಮ್ ನಿಷೇಧಿಸಿದ್ದು ಯಾಕೆ? ನಷ್ಟದ ಭಾರವನ್ನೆಲ್ಲ ಕೈಲಾಗದವನ ತಲೆಯ ಮೇಲೆ ಹೊರಿಸಿ, ಕೈಲಾದವನು ನಿಶ್ಚಿಂತೆಯಿಂದ ಇರುವುದು ಅನ್ಯಾಯ ಎಂಬುದು ಅದರ ಒಂದು ಮುಖ್ಯ ತಿರುಳು. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಸಮಯ ಕೊಡಿ ಎನ್ನುತ್ತದೆ ಪವಿತ್ರ ಕುರ್‌ಆನ್. ಆದರೆ ಪರದೇಶಿಗೆ ಸಮಯ ಕೊಡುವುದು ಬ್ಯಾಂಕಿನ ಕೈಯಲ್ಲಿಲ್ಲ, ವೀಸಾದ ಕೈಯಲ್ಲಿದೆ. ಬಡ್ಡಿಯ ಬ್ಯಾಂಕಾಗಲಿ, ಮುರಾಬಹದ ಬ್ಯಾಂಕಾಗಲಿ ಅವನಿಂದ ಕೇಳುವುದು ಅದೇ ಇಖಾಮ, ಅದೇ ಸಂಬಳದ ಪತ್ರ. ಬಡ್ಡಿ ಹೋಯಿತು, ಭಯ ಹೋಗಲಿಲ್ಲ. ಭಯದ ಬೆಲೆಯನ್ನು ತೆರುವವನು ಮೊದಲಿನಂತೆಯೇ ಪರದೇಶಿ. ಬಡ್ಡಿಯನ್ನು ಪ್ರಶ್ನಿಸಿ ಜಾಮೀನನ್ನು ಪ್ರಶ್ನಿಸದ ವಿಮರ್ಶೆ ಅರ್ಧ ವಿಮರ್ಶೆ. ನಾನು ಓದಿದ ಮಟ್ಟಿಗೆ ಕನ್ನಡದ ನಮ್ಮ ಬರಹಗಳು ಹೆಚ್ಚಾಗಿ ಆ ಅರ್ಧದಲ್ಲೇ ನಿಂತಿವೆ.

ಲುಧಿಯಾನದ ಉದ್ರಿ

ಹಾಗಾದರೆ ಕಾಗದವಿಲ್ಲದವನನ್ನು ನಂಬುವುದು ವ್ಯವಹಾರದಲ್ಲಿ ಸಾಧ್ಯವೇ? ಸಾಧ್ಯ. ಇದನ್ನು ತೋರಿಸಿಕೊಟ್ಟವರೂ ಟಿಬೆಟಿಯನ್ನರೇ. ಚಳಿಗಾಲ ಬಂದರೆ ನಮ್ಮ ಪಟ್ಟಣಗಳಲ್ಲಿ ಸ್ವೆಟರ್ ಅಂಗಡಿ ಹಾಕುವ ಟಿಬೆಟಿಯನ್ನರನ್ನು ನಾವೆಲ್ಲ ಕಂಡಿದ್ದೇವೆ. ಆ ಸ್ವೆಟರ್‌ಗಳು ಬಹುಪಾಲು ಬರುವುದು ಪಂಜಾಬಿನ ಲುಧಿಯಾನದಿಂದ. ಅಲ್ಲಿನ ಸಗಟು ವ್ಯಾಪಾರಿಗಳು ಇವರಿಗೆ ಮಾಲನ್ನು ಉದ್ರಿ ಕೊಡುವ ರೂಢಿ ದಶಕಗಳಿಂದ ಇದೆ. ಋತು ಮುಗಿದ ಮೇಲೆ ಲೆಕ್ಕ ಚುಕ್ತಾ. ಅಡವಿಡಲು ಇವರಿಗೆ ಜಮೀನಿಲ್ಲ, ಪ್ರಜೆಗಳೆಂಬ ಕಾಗದವಿಲ್ಲ. ಆದರೂ ವ್ಯಾಪಾರ ನಡೆದಿದೆ, ಎರಡೂ ಕಡೆಯವರು ಬದುಕಿದ್ದಾರೆ. ಬ್ಯಾಂಕು ಕಾಗದ ನೋಡುವ ಕಡೆ ಆ ವ್ಯಾಪಾರಿ ಕಳೆದ ವರ್ಷದ ಲೆಕ್ಕ ನೋಡುತ್ತಾನೆ. ಒಬ್ಬ ತಪ್ಪಿದರೆ ಎಲ್ಲರ ಹೆಸರೂ ಕೆಡುತ್ತದೆ ಎಂಬ ಅಳುಕು ಟಿಬೆಟಿಯನ್ನರಲ್ಲೂ ಇದೆ. ಅಲ್ಲಿ ಜಾಮೀನು ಒಂದು ಸಹಿಯಲ್ಲ, ಇಡೀ ಸಮುದಾಯದ ಮಾತು.

ನಮ್ಮ ಪರಂಪರೆಯಲ್ಲಿ ನಿರಾಶ್ರಿತನೊಬ್ಬನ ವಾಹನ ಖರೀದಿಯ ಅತ್ಯಂತ ಪ್ರಸಿದ್ಧ ಪ್ರಸಂಗ ಯಾವುದು? ಹಿಜ್‌ರಾ. ಮಕ್ಕಾ ಬಿಡಬೇಕಾಗಿ ಬಂದಾಗ ಅಬೂಬಕರ್(ರ) ತಾವು ಮೇಯಿಸಿ ಸಿದ್ಧಪಡಿಸಿದ್ದ ಎರಡು ಒಂಟೆಗಳಲ್ಲಿ ಒಂದನ್ನು ಪ್ರವಾದಿ(ಸ)ಯವರಿಗೆ ಕೊಡಲು ಮುಂದಾದರು. ಬೆಲೆ ಕೊಟ್ಟೇ ತೆಗೆದುಕೊಳ್ಳುತ್ತೇನೆ ಎಂದರು ಪ್ರವಾದಿ(ಸ). ಆಮೇಲೆ ಆ ಎರಡೂ ಒಂಟೆಗಳನ್ನು ವಹಿಸಿಕೊಟ್ಟದ್ದು ಯಾರಿಗೆ? ಅಬ್ದುಲ್ಲಾ ಬಿನ್ ಉರೈಖಿತ್ ಎಂಬ ದಾರಿ ಬಲ್ಲವನಿಗೆ. ಅವನು ಮುಸ್ಲಿಮನಾಗಿರಲಿಲ್ಲ, ಕುರೈಶರ ಧರ್ಮದಲ್ಲೇ ಇದ್ದವನು. ಮೂರು ರಾತ್ರಿ ಕಳೆದ ಮೇಲೆ ಸೌರ್ ಗುಹೆಯ ಬಳಿ ಒಂಟೆಗಳೊಂದಿಗೆ ಬಾ ಎಂದು ಹೇಳಲಾಗಿತ್ತು. ಒಂಟೆ ಹೊಡೆದುಕೊಂಡು ಹೋಗಬಹುದಿತ್ತು, ಹಿಡಿದುಕೊಟ್ಟು ಇನಾಮು ಪಡೆಯಬಹುದಿತ್ತು. ಅವನು ಹೇಳಿದ ಹೊತ್ತಿಗೆ ಬಂದ. ಇಸ್ಲಾಮಿನ ಇತಿಹಾಸದ ಅತ್ಯಂತ ಅಪಾಯದ ಆ ಪ್ರಯಾಣ ಅನ್ಯಧರ್ಮೀಯನೊಬ್ಬನ ಮಾತಿನ ಮೇಲೆ ನಡೆಯಿತು. ಈ ಪ್ರಸಂಗವನ್ನು ನಾವು ಪ್ರತಿ ಮುಹರ್ರಮ್‌ನಲ್ಲಿ ಹೇಳುತ್ತೇವೆ. ಆದರೆ ನಮ್ಮೂರಿಗೆ ಬಂದ ನಿರಾಶ್ರಿತನಿಗೆ ನಾವು ಉರೈಖಿತನ ಮಗನಾಗಬೇಕಾದ ಸರದಿ ಬಂದಿದೆ ಎಂದು ಹೇಳುವುದಿಲ್ಲ.

ಯಾರು ಪರದೇಶಿ?

ಕನ್ನಡದಲ್ಲಿ ಪರದೇಶಿ ಎಂದರೆ ಬೇರೆ ದೇಶದವನು ಎಂದಷ್ಟೇ ಅರ್ಥವಲ್ಲ, ದಿಕ್ಕಿಲ್ಲದವನು ಎಂದೂ ಹೌದು. ಯಾರೂ ಇಲ್ಲದ ಮಗುವನ್ನು ಪರದೇಶಿ ಮಗು ಎನ್ನುತ್ತೇವೆ. ಫೈನಾನ್ಸ್ ಆಫೀಸಿನವರು ಕೇಳಿದ ಪ್ರಶ್ನೆ ಈ ಎರಡನೆಯ ಅರ್ಥದ್ದು. ನೀನು ಯಾವ ದೇಶದವನು ಎಂದಲ್ಲ, ನಿನಗೆ ಯಾರಿದ್ದಾರೆ ಎಂದು. ಮೊದಲ ಅರ್ಥವನ್ನು ತಿದ್ದುವುದು ದೆಹಲಿಯ ಕೆಲಸ. ಎರಡನೆಯದನ್ನು ತಿದ್ದುವುದು ಊರಿನ ಕೆಲಸ.

ಊರಿನ ಕತೆಯನ್ನಾದರೂ ನೆನೆಯೋಣ. ಟಿಪ್ಪು ಹುತಾತ್ಮರಾದ 1799ರ ನಂತರ ಕೊಳ್ಳೇಗಾಲ ಬ್ರಿಟಿಷರ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಂದವರು ಒಂದು ಸೀಮೆ ಬಿಟ್ಟು ಇನ್ನೊಂದು ಸೀಮೆಗೆ ಬಂದಂತೆಯೇ. ಇಂದು ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಎರಡೂ ಊರಿನವರು ನೆಂಟಸ್ತನ ಮಾಡಿದರು, ರೇಷ್ಮೆ ಕೊಂಡು ಮಾರಿದರು, ಉದ್ರಿ ಕೊಟ್ಟರು, ಪಡೆದರು. ಆ ಉದ್ರಿಯ ಭಾಷೆಯನ್ನೇ ನೋಡಿ. ಅಸಲು, ಬಾಕಿ, ಜಮಾ, ಕರಾರು, ವಸೂಲಿ, ಜಪ್ತಿ, ಜಾಮೀನು ಎಲ್ಲವೂ ಅರಬಿಯಿಂದ ಹೊರಟು ಪಾರಸಿ, ಉರ್ದುಗಳ ದಾರಿಯಲ್ಲಿ ಬಂದು ಕನ್ನಡವಾದವು. ಕನ್ನಡ ಈ ಪರದೇಶಿ ಪದಗಳಿಂದ ಕಾಗದ ಕೇಳಲಿಲ್ಲ. ಬಳಸಿತು, ತನ್ನದು ಮಾಡಿಕೊಂಡಿತು.

2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದಾಗ ನಮ್ಮ ಮೊಹಲ್ಲಾಗಳಲ್ಲಿ ಅಜ್ಜಂದಿರ ಜನನ ಪತ್ರ ಹುಡುಕಿದ್ದು ನೆನಪಿದೆಯಲ್ಲ? ಹುಟ್ಟಿದ ಊರಿನಲ್ಲೇ ನಿನ್ನ ಕಾಗದ ಎಲ್ಲಿ ಎಂದು ಯಾರಾದರೂ ಕೇಳಿಯಾರು ಎಂಬ ಭಯ ಎಂಥದೆಂದು ಆ ಚಳಿಗಾಲ ನಮಗೆ ಕಲಿಸಿತು. ಒಡೆಯರಪಾಳ್ಯದವರಿಗೆ ಅದು ಒಂದು ಚಳಿಗಾಲದ ಭಯವಲ್ಲ, ಐವತ್ತು ವರ್ಷದ ಬದುಕು. ಆ ಕಾಯ್ದೆಯ ಪಟ್ಟಿಯಲ್ಲಿ ಬೌದ್ಧರು ಇದ್ದರೂ ಅದು ಮೂರು ದೇಶಗಳಿಗೆ ಸೀಮಿತವಾದ್ದರಿಂದ ಟಿಬೆಟಿಯನ್ನರು ಅದರಲ್ಲಿ ಬರುವುದಿಲ್ಲ. ಮುಸ್ಲಿಮರಂತೂ ಪಟ್ಟಿಯಲ್ಲೇ ಇಲ್ಲ. ಹೊರಗುಳಿದ ಇಬ್ಬರು ಒಬ್ಬರನ್ನೊಬ್ಬರು ನೋಡಲಿಲ್ಲ.

ನಾನು ದೊಡ್ಡ ಕ್ರಾಂತಿಯ ಮಾತು ಆಡುತ್ತಿಲ್ಲ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಲುಕಿದವನೂ ಇದ್ದಾನೆ, ದಾರಿಹೋಕನೂ ಇದ್ದಾನೆ. ಸಾಲ ಮಾಡಿ ಗಾಡಿ ಕೊಂಡ ಪರದೇಶಿ ಒಂದು ರೀತಿಯಲ್ಲಿ ಎರಡೂ ಹೌದು. ಝಕಾತಿನ ಹಣ ಅನ್ಯಧರ್ಮೀಯರಿಗೆ ಸಲ್ಲುತ್ತದೆಯೇ ಎಂಬುದನ್ನು ಉಲಮಾಗಳು ಹೇಳಲಿ. ಸದಕಾಕ್ಕೆ ಆ ಅಡ್ಡಿಯಿಲ್ಲ, ಒಂದು ಸಹಿಗಂತೂ ಇಲ್ಲವೇ ಇಲ್ಲ. ನಮ್ಮ ಜಮಾಅತ್‌ಗಳ ಬೈತುಲ್ ಮಾಲ್‌ಗಳು ಸಾಲ ಕೊಡಲಾಗದಿದ್ದರೂ ಜಾಮೀನು ನಿಲ್ಲಬಲ್ಲವು. ಕೊಳ್ಳೇಗಾಲದಲ್ಲಿ ಐದು ಅಂಗಡಿಯವರು ಸೇರಿ ಒಂದು ಸಣ್ಣ ಮೊತ್ತ ಒಟ್ಟು ಮಾಡಿಟ್ಟರೆ ವರ್ಷಕ್ಕೆ ಒಂದೆರಡು ಗಾಡಿಗೆ ಹೊಣೆಯಾಗಬಹುದು. ಕಂತು ತಪ್ಪಿದರೆ ನಷ್ಟವೂ ಆಗಬಹುದು. ಹೊಣೆ ಎಂದರೆ ಅದೇ ತಾನೆ?

ಆ ಯುವಕ ಆಮೇಲೆ ಗಾಡಿ ಕೊಂಡ. ಯಾರು ಶ್ಯೂರಿಟಿ ಹಾಕಿದರೆಂದು ಒಮ್ಮೆ ಕೇಳಿದೆ. ಲೊಕ್ಕನಹಳ್ಳಿ ಕಡೆಯ ರೈತರೊಬ್ಬರು, ಅವರ ಜೋಳದ ಮೂಟೆ ತಾನೇ ಹೊತ್ತು ಹಾಕುತ್ತಿದ್ದವನು ಎಂದ. ಆ ರೈತರು ಕಫಾಲತ್‌ನ ಅಧ್ಯಾಯ ಓದಿದವರಲ್ಲ. ಓದಿದ್ದ ನಾನು ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದೆ. ಈಗಲೂ ಅವನು ಅಂಗಡಿಗೆ ಬರುತ್ತಾನೆ, "ಚೆನ್ನಾಗಿದೀರಾ ಅಣ್ಣ?" ಎನ್ನುತ್ತಾನೆ. ಗಾಡಿಯನ್ನು ಅಂಗಡಿಯ ಮುಂದೆಯೇ ನಿಲ್ಲಿಸುತ್ತಾನೆ. ಅದನ್ನು ನೋಡಿದಾಗಲೆಲ್ಲ ಮಾಮು ಕೇಳಿದ ಪ್ರಶ್ನೆ ನೆನಪಾಗುತ್ತದೆ. ಕಾರನ್ನು ಯಾರ ಮನೆ ಮುಂದೆ ನಿಲ್ಲಿಸಿ ಬರಲಿ ಎಂದು ಅವರು ಕೇಳಿದ್ದರು. ಜಿದ್ದಾದಲ್ಲಿ ಅವರಿಗೆ ಅಂಥ ಒಂದು ಮನೆ ಇರಲಿಲ್ಲ. ಕೊಳ್ಳೇಗಾಲದಲ್ಲಿ ಆ ಮನೆ ನಮ್ಮದಾಗಬಹುದಿತ್ತು.